ಬರಿಮೈ ಸರ್ವರುಗಳ ಮನೆಗೆ ಬೀಗ



ಯುಗಾದಿ ಊಟ, ರಾಜ್ಯೋತ್ಸವದ ನಾಟಕ, ಮಕ್ಕಳ ಕನ್ನಡ ತರಗತಿಯ ಸುದ್ದಿಗಳೇ ತುಂಬಿರುವ ಈ ವಿಭಾಗದಲ್ಲಿ ಈ ಸಲ ಸ್ವಲ್ಪ ಬೇರೆ ಅಡುಗೆ. ಸರಟೋಗಾ, ಕ್ಯೂಪರ್ಟಿನೋ ಸುತ್ತಮುತ್ತಲ ನಮ್ಮ ಮನೆಗಳಲ್ಲಿ ಗಣಕದ ಕೆಲಸದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕಂಪನಿಗಳು ಮಾರಿಬಿಡುವ ಹಳೆಯ ಸರ್ವರುಗಳನ್ನು ಅಗ್ಗಕ್ಕೆ ಕೊಂಡು, ಗರಾಜಿನಲ್ಲಿ ಜೋಡಿಸಿ, ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿಕೊಡುವ ಉತ್ಸಾಹಿಗಳೂ ನಮ್ಮಲ್ಲಿದ್ದಾರೆ. ಸರಟೋಗಾದ ಅಂಥದೊಂದು ಗರಾಜಿನಲ್ಲಿ ಈಗ ಏಳು ಯಂತ್ರಗಳಿವೆ. ಅದರಲ್ಲೊಂದರಲ್ಲಿ ಕೂಟದ ಹಳೆಯ ನಾಟಕಗಳ ವಿಡಿಯೋಗಳಿವೆ. ಮೂಲ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹೋಗಿವೆ. ಈ ಯಂತ್ರಗಳಿಗೆ ನಾವು ಬೀಗ ಹಾಕಿದ ಬಗೆಯನ್ನು ಕೇಳಿದವರು ಹಲವರು. ಅದಕ್ಕೇ ಈ ಬರಹ.

ಬೇರ್ ಮೆಟಲ್ ಸರ್ವರ್ ಎಂದರೆ ಆಪರೇಟಿಂಗ್ ಸಿಸ್ಟಮ್ ಕೂಡ ಇಲ್ಲದ ಬರಿಮೈ ಯಂತ್ರ. ಕಟ್ಟಿ ಮುಗಿಸಿದ ಖಾಲಿ ಮನೆ ಇದ್ದ ಹಾಗೆ. ಅದರೊಳಗೆ ಲಿನಕ್ಸ್ ತುಂಬಿ ಸಂಸಾರ ಹೂಡಿಕೊಡುವುದು ಡಿಪ್ಲಾಯ್‌ಮೆಂಟ್ ತಂತ್ರಾಂಶದ ಕೆಲಸ. ನಾವು ಬಳಸಿದ್ದು ಓಪನ್‌ಸ್ಟ್ಯಾಕ್ ಬಳಗದ ‘ಐರಾನಿಕ್’. ಈ ಓಪನ್‌ಸ್ಟ್ಯಾಕಿನ ಒಂದು ಬೇರು ನಮ್ಮ ನೆರೆಯಲ್ಲೇ ಇದೆ! ಸರಟೋಗಾದಿಂದ ಹೆದ್ದಾರಿ 85 ಹಿಡಿದು ಮೌಂಟನ್ ವ್ಯೂ ಕಡೆಗೆ ಹೋದರೆ ಸಿಗುವ ನಾಸಾ ಏಮ್ಸ್ ಕೇಂದ್ರದಲ್ಲಿ ‘ನೆಬ್ಯುಲಾ’ ಎಂಬ ಯೋಜನೆಯಿತ್ತು. ಅದರ ತಂತ್ರಾಂಶವೂ ಟೆಕ್ಸಸ್‌ನ ರ‍್ಯಾಕ್‌ಸ್ಪೇಸ್ ಕಂಪನಿಯ ತಂತ್ರಾಂಶವೂ ಸೇರಿ 2010ರಲ್ಲಿ ಓಪನ್‌ಸ್ಟ್ಯಾಕ್ ಆಯಿತು. ಐರಾನಿಕ್ ಪ್ರತ್ಯೇಕ ಯೋಜನೆಯಾಗಿ ಶುರುವಾದದ್ದು 2013ರಲ್ಲಿ.

ಈ ತಂತ್ರಾಂಶದ ಕೈಯಲ್ಲಿರುವ ಅಧಿಕಾರ ಸಣ್ಣದಲ್ಲ. ಯಂತ್ರವನ್ನು ಆನ್ ಮಾಡುತ್ತದೆ, ಆಫ್ ಮಾಡುತ್ತದೆ, ಒಬ್ಬರ ಬಳಕೆ ಮುಗಿದು ಇನ್ನೊಬ್ಬರಿಗೆ ಕೊಡುವ ಮುಂಚೆ ಡಿಸ್ಕನ್ನು ಅಳಿಸಿ ಹಾಕುತ್ತದೆ. ಅಂದರೆ ಇದರ ಬಾಗಿಲು ತಟ್ಟಿದವರಿಗೆಲ್ಲ ಒಳಗೆ ಬಿಟ್ಟರೆ ಒಂದೇ ಆದೇಶದಲ್ಲಿ ಎಲ್ಲವೂ ಗುಡಿಸಿ ಸಾಪಾಟ. ಹೀಗಿದ್ದೂ ಸಣ್ಣ ಪ್ರಯೋಗಶಾಲೆಗಳಲ್ಲಿ ‘ನೋ ಆಥ್’ ಎಂಬ, ಯಾರನ್ನೂ ಏನನ್ನೂ ಕೇಳದ ವ್ಯವಸ್ಥೆಯಲ್ಲೇ ಇದನ್ನು ಓಡಿಸುವುದುಂಟು. ಮನೆಯ ವೈಫೈ ಒಳಗೇ ಇದೆಯಲ್ಲ ಎಂಬ ಧೈರ್ಯ! ಆ ವೈಫೈಗೆ ಮಕ್ಕಳ ಗೆಳೆಯರ ಫೋನು, ಟೀವಿ, ಬಾಗಿಲ ಕ್ಯಾಮೆರಾ ಎಲ್ಲವೂ ಸೇರಿಕೊಂಡಿರುತ್ತವೆ ಎಂಬುದು ನೆನಪಿರುವುದಿಲ್ಲ.

ಕಾಯಬೇಕಾದ ಬಾಗಿಲುಗಳು ಮೂರು. ಮೊದಲನೆಯದು ನಮಗೂ ಐರಾನಿಕ್‌ಗೂ ನಡುವಿನದು. ದೊಡ್ಡ ಕಂಪನಿಗಳು ಇಲ್ಲಿ ‘ಕೀಸ್ಟೋನ್’ ಎಂಬ ಪೂರ್ಣ ಪ್ರಮಾಣದ ಕಾವಲುಗಾರನನ್ನು ಇಡುತ್ತವೆ. ಏಳು ಯಂತ್ರಗಳಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನಾವು ಆರಿಸಿಕೊಂಡದ್ದು ‘ಎಚ್‌ಟಿಟಿಪಿ ಬೇಸಿಕ್’ ಎಂಬ ಸರಳ ಪದ್ಧತಿ. ಐರಾನಿಕ್‌ನ ಕಾನ್ಫಿಗರೇಶನ್ ಕಡತದಲ್ಲಿ ದೃಢೀಕರಣದ ವಿಧಾನವನ್ನು ಇದಕ್ಕೆ ಬದಲಿಸಿ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುವ ಒಂದು ಪಟ್ಟಿಯನ್ನು ತೋರಿಸಿದರೆ ಆಯಿತು. ಪಟ್ಟಿಯನ್ನು ಅಪಾಚೆಯ ‘ಎಚ್‌ಟಿಪಾಸ್‌ವರ್ಡ್’ ಎಂಬ ಪುಟ್ಟ ಸಾಧನದಿಂದ ಮಾಡಬಹುದು. ಆದರೆ ‘ಬಿಕ್ರಿಪ್ಟ್’ ವಿಧಾನವನ್ನು ನೀವೇ ಹೇಳಿ ಆರಿಸಬೇಕು. ಐರಾನಿಕ್ ಒಪ್ಪುವುದು ಅದೊಂದನ್ನೇ. ಆ ಕಡತವನ್ನು ಐರಾನಿಕ್ ಸೇವೆಯ ಹೊರತು ಬೇರೆ ಯಾರೂ ಓದಲಾಗದಂತೆ ಅನುಮತಿ ಹೊಂದಿಸಿ.

ಇದರ ದೌರ್ಬಲ್ಯ ಎರಡು. ಪ್ರತಿ ಕೋರಿಕೆಯ ಜೊತೆಗೂ ಪಾಸ್‌ವರ್ಡ್ ಹೋಗುತ್ತದೆ, ಅದೂ ಬೇಸ್ 64 ಎಂಬ ವೇಷದಲ್ಲಿ. ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಡಿಸಬಹುದು. ಹಾಗಾಗಿ ಟಿಎಲ್‌ಎಸ್ ಹಾಕದೆ ಈ ಪದ್ಧತಿಯನ್ನು ಬಳಸಲೇಬೇಡಿ. ಎರಡನೆಯದು, ಇಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಒಳಗೆ ಬಂದವರೆಲ್ಲ ಯಜಮಾನರೇ. ನೋಡಲು ಮಾತ್ರ ಬಿಟ್ಟು, ಅಳಿಸಲು ಬಿಡಬಾರದೆಂದರೆ ಕೀಸ್ಟೋನೇ ಬೇಕು. ಅದಕ್ಕೇ ನಮ್ಮಲ್ಲಿ ಪಾಸ್‌ವರ್ಡ್ ಇರುವುದು ಇಬ್ಬರು ಹಿರಿಯರ ಹತ್ತಿರ ಮಾತ್ರ. ಮಕ್ಕಳು ಅವರ ಪಕ್ಕ ಕೂತು ಕಲಿಯುತ್ತಾರೆ.

ಬೀಗ ಹಾಕಿದ ಮೇಲೆ ಎಳೆದು ನೋಡುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ಇಲ್ಲೂ ಅದನ್ನೇ ಮಾಡಿ. ಪಾಸ್‌ವರ್ಡ್ ಕೊಡದೆ ಯಂತ್ರಗಳ ಪಟ್ಟಿ ಕೇಳಿ. 401 ಎಂಬ ಉತ್ತರ ಬರಬೇಕು. ಬರೀ ಮೊದಲ ಪುಟದ ವಿಳಾಸವನ್ನು ತೆರೆದು ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಆ ಪುಟವನ್ನು ಐರಾನಿಕ್ ಎಲ್ಲರಿಗೂ ತೋರಿಸುತ್ತದೆ, ಬೀಗ ಇದ್ದರೂ.

ಎರಡನೆಯ ಬಾಗಿಲು ಐರಾನಿಕ್‌ಗೂ ಸರ್ವರಿಗೂ ನಡುವಿನದು. ಬಹುಮಂದಿ ಮರೆಯುವುದು ಇದನ್ನೇ. ಪ್ರತಿ ಸರ್ವರಿನೊಳಗೂ ಬಿಎಂಸಿ ಎಂಬ ಚಿಕ್ಕ ಗಣಕವೊಂದಿರುತ್ತದೆ. ದೊಡ್ಡ ಯಂತ್ರ ಮಲಗಿದ್ದರೂ ಇದು ಎಚ್ಚರವಾಗಿರುತ್ತದೆ. ಅದರ ಪಾಸ್‌ವರ್ಡ್ ಗೊತ್ತಿದ್ದವರಿಗೆ ಐರಾನಿಕ್‌ನ ಹಂಗೇ ಇಲ್ಲ. ಸ್ಯಾನ್ ಹೋಸೆಯ ಸೂಪರ್‌ಮೈಕ್ರೋ ಕಂಪನಿಯ ಹಳೆಯ ಯಂತ್ರಗಳಲ್ಲಿ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’! ನಮ್ಮ ಕ್ಯಾಲಿಫೋರ್ನಿಯಾ 2018ರಲ್ಲಿ ಎಸ್‌ಬಿ 327 ಎಂಬ ಕಾಯ್ದೆ ಮಾಡಿತು. ನೆಟ್‌ವರ್ಕಿಗೆ ಸೇರುವ ಉಪಕರಣಗಳ ಪಾಸ್‌ವರ್ಡ್ ಒಂದೊಂದಕ್ಕೂ ಬೇರೆಯಾಗಿರಬೇಕು, ಇಲ್ಲವೇ ಮೊದಲ ಬಳಕೆಯಲ್ಲೇ ಹೊಸದನ್ನು ಇಟ್ಟುಕೊಳ್ಳುವಂತಿರಬೇಕು ಎಂದು ಅದರ ಸಾರ. ಅದು ಜಾರಿಗೆ ಬಂದ 2020ರ ಜನವರಿ 1ರಿಂದ ಆ ಕಂಪನಿ ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡನ್ನು ಚೀಟಿಯಲ್ಲಿ ಅಂಟಿಸಿ ಕಳಿಸತೊಡಗಿತು. ಆದರೆ ಗರಾಜಿಗೆ ಬರುವ ಸರ್ವರುಗಳು ಹೆಚ್ಚಾಗಿ ಅದಕ್ಕೂ ಹಳೆಯವು! ತಂದ ದಿನವೇ ಬದಲಿಸಿ.

ಬದಲಿಸಿದರೂ ಸಾಲದು. ಬಿಎಂಸಿ ಜೊತೆ ಮಾತಾಡುವ ಐಪಿಎಂಐ 2.0 ಎಂಬ ಭಾಷೆಯ ವಿನ್ಯಾಸದಲ್ಲೇ ಒಂದು ತೂತಿದೆ. ಸರಿಯಾದ ಬಳಕೆದಾರರ ಹೆಸರು ಹೇಳಿದರೆ ಸಾಕು, ಪಾಸ್‌ವರ್ಡಿನಿಂದ ತಯಾರಾದ ಹ್ಯಾಶನ್ನು ಅದು ತಾನಾಗಿಯೇ ಒಪ್ಪಿಸುತ್ತದೆ. ಕದ್ದವರು ಅದನ್ನು ಮನೆಗೆ ಒಯ್ದು ಪುರುಸೊತ್ತಾಗಿ ಒಡೆಯಬಹುದು. ಡ್ಯಾನ್ ಫಾರ್ಮರ್ ಎಂಬ ಭದ್ರತಾ ತಜ್ಞರು 2013ರಲ್ಲಿ ಇದನ್ನು ಬಯಲಿಗೆ ತಂದರು. ಆದ್ದರಿಂದ ಬಿಎಂಸಿ ತಂತಿಗಳನ್ನು ಪ್ರತ್ಯೇಕ ಸ್ವಿಚ್ಚಿಗೆ ಹಾಕಿ, ಮನೆಯ ವೈಫೈ ಅತ್ತ ಸುಳಿಯದಂತೆ ನೋಡಿಕೊಳ್ಳಿ. ಯಂತ್ರ ಹೊಸದಾಗಿದ್ದರೆ ಐಪಿಎಂಐ ಬಿಟ್ಟು, ಎಚ್‌ಟಿಟಿಪಿಎಸ್ ಮೇಲೆ ನಡೆಯುವ ‘ರೆಡ್‌ಫಿಶ್’ ಬಳಸಿ. ಇನ್ನೊಂದು ಮಾತು: ಐರಾನಿಕ್ ಈ ಪಾಸ್‌ವರ್ಡುಗಳನ್ನು ಪರದೆಯ ಮೇಲೆ ಚುಕ್ಕಿಗಳಾಗಿ ತೋರಿಸಿದರೂ ಡೇಟಾಬೇಸಿನಲ್ಲಿ ಸಾದಾ ಅಕ್ಷರದಲ್ಲೇ ಇಡುತ್ತದೆ. ಡೇಟಾಬೇಸಿನ ಬ್ಯಾಕಪ್ಪನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ.

ಮೂರನೆಯದು, ನೆಟ್‌ವರ್ಕಿನಿಂದ ಎದ್ದು ಬರುವ ಹೊಸ ಯಂತ್ರಕ್ಕೂ ಐರಾನಿಕ್‌ಗೂ ನಡುವಿನದು. ಆ ಯಂತ್ರದ ಕೈಯಲ್ಲಿ ಇನ್ನೂ ಯಾವ ಗುರುತಿನ ಚೀಟಿಯೂ ಇರುವುದಿಲ್ಲ. ಯಾರು ಮೊದಲು ಉತ್ತರ ಕೊಟ್ಟರೋ ಅವರನ್ನೇ ನಂಬುತ್ತದೆ. 2020ರಿಂದ ಐರಾನಿಕ್ ಇಂಥ ಯಂತ್ರಕ್ಕೆ ತಾತ್ಕಾಲಿಕ ಟೋಕನ್ ಕೊಟ್ಟು ಮುಂದಿನ ಮಾತುಕತೆಯನ್ನು ಕಾಯುತ್ತದೆ. ಮೊದಲ ಪರಿಚಯಕ್ಕೆ ಮಾತ್ರ ಪ್ರತ್ಯೇಕ ತಂತಿಯೇ ಗತಿ.

ನಾಟಕಗಳಿರುವ ಯಂತ್ರದ ಗತಿ ಏನೆಂದು ಕೇಳುವಿರಾ? ಸಂಸಾರ ಹೂಡಿರುವ ಯಂತ್ರವನ್ನು ಅಳಿಸದಂತೆ ‘ಪ್ರೊಟೆಕ್ಟೆಡ್’ ಎಂದು ಗುರುತು ಹಾಕುವ ಸೌಲಭ್ಯ ಐರಾನಿಕ್‌ನಲ್ಲಿದೆ. ಆದರೆ ಪಾಸ್‌ವರ್ಡ್ ಇದ್ದವರು ಆ ಗುರುತನ್ನು ತೆಗೆಯಲೂಬಹುದು. ಆದ್ದರಿಂದ ಆ ಒಂದು ಯಂತ್ರವನ್ನು ನಾವು ಐರಾನಿಕ್‌ನ ಪಟ್ಟಿಗೆ ಸೇರಿಸಲೇ ಇಲ್ಲ. ಅದರ ಬಿಎಂಸಿ ತಂತಿಯನ್ನೂ ಕಿತ್ತಿಟ್ಟಿದ್ದೇವೆ. ವಿಡಿಯೋಗಳ ಇನ್ನೊಂದು ಪ್ರತಿ ಬೇರೆ ಸದಸ್ಯರ ಮನೆಯ ಡಿಸ್ಕಿನಲ್ಲಿದೆ.