ಎಲೆ ಮುದುಡು ರೋಗ ಮತ್ತು ಮಂಡಿಯ ಮುಂಗಡ

2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸಿನ ಧಾರಣೆ 2,000 ರೂಪಾಯಿಗಳನ್ನು ದಾಟಿದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಧಾರಣೆಗೆ ದೊರೆತ ಪ್ರಚಾರ, ಆವಕ ಕುಸಿಯಲು ಕಾರಣಗಳಲ್ಲೊಂದಾಗಿದ್ದ ಎಲೆ ಮುದುಡು ರೋಗಕ್ಕೆ ದೊರೆಯಲಿಲ್ಲ.

ಇದು ಬಿಳಿನೊಣದಿಂದ ಹರಡುವ ನಂಜುರೋಗ. ಸೋಂಕಿದ ಗಿಡದ ರಸ ಹೀರಿದ ನೊಣವು ಮತ್ತೊಂದು ಗಿಡದ ಮೇಲೆ ಕುಳಿತು ನಂಜನ್ನು ದಾಟಿಸುತ್ತದೆ. ಎಲೆಗಳು ಮುದುಡಿ ಹಳದಿಯಾಗುತ್ತವೆ, ಗಿಡ ಕುಬ್ಜವಾಗುತ್ತದೆ, ಹೂವು ಕಾಯಿಕಟ್ಟುವುದಿಲ್ಲ. ಬಿಸಿಲು ಹೆಚ್ಚಿದಷ್ಟೂ ನೊಣ ಹೆಚ್ಚು. ಆದುದರಿಂದ ಬೇಸಿಗೆ ಬೆಳೆಗೇ ಅಪಾಯ ಅಧಿಕ. ನಾಟಿಯಾದ ಮೊದಲ ವಾರಗಳಲ್ಲಿ ಸೋಂಕು ತಗುಲಿದರೆ ಇಳುವರಿಯ ಬಹುಪಾಲನ್ನು ಕಳೆದುಕೊಂಡಂತೆಯೇ ಸರಿ. ಔಷಧಿ ನೊಣವನ್ನು ಕೊಲ್ಲಬಹುದೇ ಹೊರತು ಗಿಡದೊಳಗಿನ ನಂಜನ್ನಲ್ಲ. ರೋಗ ಕಂಡ ಮೇಲೆ ಸಿಂಪಡಣೆಗೆಂದು ರೈತರು ಮತ್ತೆ ಸಾಲ ಕೇಳುವುದುಂಟು. ಆ ಹಣ ಹಿಂದಿರುಗುವ ಸಂಭವ ಕಡಿಮೆ.

ಆವಕ ಇಳಿದರೂ ಧಾರಣೆ ಏರುವುದರಿಂದ ಮಂಡಿಗೆ ನಷ್ಟವಿಲ್ಲವೆಂಬ ಭಾವನೆ ವ್ಯಾಪಾರಿಗಳಲ್ಲಿದೆ. ಉದಾಹರಣೆಗೆ, 300 ರೂಪಾಯಿಯಂತೆ 100 ಬಾಕ್ಸ್ ಬರುತ್ತಿದ್ದಲ್ಲಿ 750 ರೂಪಾಯಿಯಂತೆ 40 ಬಾಕ್ಸ್ ಬಂದವೆಂದು ಭಾವಿಸೋಣ. ವಹಿವಾಟು ಎರಡರಲ್ಲೂ 30,000 ರೂಪಾಯಿಗಳೇ. ಆದರೆ ಏರಿದ ಧಾರಣೆ ದಕ್ಕುವುದು ಬೆಳೆ ಉಳಿದವನಿಗೆ. ಮುಂಗಡ ಬಾಕಿ ನಿಲ್ಲುವುದು ಬೆಳೆ ಹೋದವನ ಖಾತೆಯಲ್ಲಿ. ವಹಿವಾಟಿನ ಮೊತ್ತವನ್ನಷ್ಟೇ ನೋಡುವವರಿಗೆ ಈ ವ್ಯತ್ಯಾಸ ಕಾಣುವುದು ವರ್ಷಾಂತ್ಯದಲ್ಲಿ, ಅದೂ ತಡವಾಗಿ. ಸಾಸ್ ಘಟಕಗಳಿಗಂತೂ ಎರಡೂ ಕಡೆ ಪೆಟ್ಟು: ಮುಂಗಡವೂ ಬಾರದು, ಕಚ್ಚಾ ಮಾಲನ್ನೂ ದುಬಾರಿ ಬೆಲೆಗೆ ಕೊಳ್ಳಬೇಕು.

ಖರ್ಚು ಮಾಡಬೇಕಾದ ಸ್ಥಳ ನರ್ಸರಿ. ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗೆ ಬೆಳೆಸಿದ ಸಸಿ, ಹೊಲದ ಸುತ್ತ ಮುಸುಕಿನ ಜೋಳದ ಸಾಲು, ಹಳದಿ ಅಂಟು ಬಲೆ, ಹಳೆಯ ರೋಗಪೀಡಿತ ಬೆಳೆಯ ಪಕ್ಕದಲ್ಲಿ ಹೊಸ ನಾಟಿ ಮಾಡದಿರುವುದು, ಇವು ಪರಿಚಿತ ಕ್ರಮಗಳೇ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ ತಳಿಗಳೂ ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿಯೂ ರೋಗನಿರೋಧಕ ಗುಣವುಳ್ಳವು. ಆದರೆ ದೂರದ ಊರಿಗೆ ಸಾಗಿಸಲು ಗಟ್ಟಿ ಹಣ್ಣನ್ನೇ ಬಯಸುವ ಖರೀದಿದಾರರ ಆಯ್ಕೆಯೂ ರೈತನ ತಳಿಯನ್ನು ನಿರ್ಧರಿಸುತ್ತದೆ ಎಂಬುದನ್ನು ನಾವು ಒಪ್ಪಬೇಕು.

ಮುಂಗಡ ನೀಡುವಾಗ ತಳಿ, ಸಸಿ ತಂದ ನರ್ಸರಿ, ನಾಟಿಯ ದಿನಾಂಕ ಮತ್ತು ವಿಸ್ತೀರ್ಣಗಳನ್ನು ಖಾತೆಯಲ್ಲಿಯೇ ನಮೂದಿಸುವುದು ಸೂಕ್ತ. ಹಣವನ್ನು ಕಂತುಗಳಾಗಿ ವಿಂಗಡಿಸಿ, ಮೊದಲ ಕಂತನ್ನು ಸಸಿಗೆಂದೇ ಕೊಡಬಹುದು. ಬಾಕಿ ವಸೂಲಾಗದೆ ವಜಾ ಮಾಡಬೇಕಾದಾಗ, ಅದು ವ್ಯಾಪಾರದ ನಿಮಿತ್ತ ಕೊಟ್ಟ ಮುಂಗಡವೇ ಹೊರತು ಕೈಸಾಲವಲ್ಲವೆಂದು ತೆರಿಗೆ ಅಧಿಕಾರಿಗಳ ಮುಂದೆ ತೋರಿಸಲು ಇದೇ ನಮೂದು ನೆರವಿಗೆ ಬರುತ್ತದೆ.