ಹಳೆ ವ್ಯಾನು, 36 ತಿರುವು

ಮಸಿನಗುಡಿಯಲ್ಲಿ ನನ್ನ ಪರಿಚಯದವರೊಬ್ಬರು ತರಕಾರಿ ಅಂಗಡಿ ಇಟ್ಟಿದ್ದಾರೆ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಬಾಡಿಗೆ ಜೀಪಿನಲ್ಲಿ ಊಟಿ ಮಾರ್ಕೆಟ್ಟಿಗೆ ಹೋಗಿ ಕ್ಯಾರೆಟ್, ಕೋಸು, ಆಲೂಗಡ್ಡೆ ತುಂಬಿಕೊಂಡು ಬರುತ್ತಾರೆ. ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ ಸ್ವಂತ ಗಾಡಿ ಮಾಡಬೇಕು ಅಂತ ಚೀಟಿ ಹಾಕಿದ್ದರು. ಚೀಟಿ ಎತ್ತಿದಾಗ 90,000 ರೂಪಾಯಿ ಕೈಗೆ ಬಂತು. ಗುಂಡ್ಲುಪೇಟೆಯಲ್ಲಿ ಒಂದು ಹಳೆಯ ವ್ಯಾನು ಇದೆ, ಸರಿಯಾಗಿ ಅಷ್ಟೇ ಹೇಳ್ತಿದಾರೆ ಅಂತ ಯಾರೋ ಸುದ್ದಿ ಕೊಟ್ಟರು.

ಅವರು ನೇರ ನನ್ನ ಹತ್ತಿರ ಬಂದರು. "ಮೇಷ್ಟ್ರೆ, ನೀವು ಸೈನ್ಸ್ ಹೇಳಿಕೊಡ್ತೀರಲ್ಲ, ಒಂದ್ಸಲ ಬಂದು ನೋಡಿ" ಅಂದರು. ವಿಜ್ಞಾನ ಕಲಿಸುವವನಿಗೂ ಗಾಡಿ ರಿಪೇರಿ ಮಾಡುವವನಿಗೂ ಎಷ್ಟು ದೂರ ಅಂತ ನಿಮಗೆ ಗೊತ್ತು. ಆದರೂ ಹೋದೆ. ಅಲ್ಲಿ ನೋಡಿದ್ದರಲ್ಲಿ ಅರ್ಧಕ್ಕರ್ಧ ನಿಮ್ಮ ಪಠ್ಯಪುಸ್ತಕದಲ್ಲೇ ಇರುವ ವಿಷಯ, ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಮೊದಲು ದಾರಿ ಎಂಥದ್ದು ಅಂತ ನೋಡೋಣ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಸಿನಗುಡಿ ಅದಕ್ಕಿಂತ ಸುಮಾರು 1,200 ಮೀಟರಿಗೂ ಹೆಚ್ಚು ಕೆಳಗೆ. ನಡುವೆ ಕಲ್ಹಟ್ಟಿ ಘಾಟ್, 36 ಹೇರ್‌ಪಿನ್ ತಿರುವುಗಳು. ನಮ್ಮ ಅಂಗಡಿಯವರ ವ್ಯಾನು ಹತ್ತುವಾಗ ಖಾಲಿ, ಇಳಿಯುವಾಗ ಭರ್ತಿ. ಇದು ಬ್ರೇಕಿನ ಪಾಲಿಗೆ ಬಹಳ ಕೆಟ್ಟ ಲೆಕ್ಕ.

ಎಷ್ಟು ಕೆಟ್ಟದ್ದು ಅಂತ ನೀವೇ ಕಂಡುಹಿಡಿಯಬಹುದು. ವ್ಯಾನು, ಇಬ್ಬರು ಜನ, ತರಕಾರಿ ಮೂಟೆ ಎಲ್ಲ ಸೇರಿ 1,200 ಕಿಲೋಗ್ರಾಂ ಅಂತ ಇಟ್ಟುಕೊಳ್ಳಿ. ಪ್ರಚ್ಛನ್ನ ಶಕ್ತಿಯ ಸೂತ್ರ ನೆನಪಿದೆಯಲ್ಲ? ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಮೂರನ್ನೂ ಗುಣಿಸಿ. 1,200 × 9.8 × 1,200 = 1,41,12,000 ಜೌಲ್. ಅಂದರೆ 1 ಕೋಟಿ 41 ಲಕ್ಷ ಜೌಲ್. ಮೂರು ಕೊಡ ತಣ್ಣೀರನ್ನು ಕುದಿಸಲು ಸರಿಸುಮಾರು ಇಷ್ಟು ಶಕ್ತಿ ಬೇಕು. ಗಾಡಿ ಕೆಳಗೆ ಬಂದು ನಿಲ್ಲುವ ಹೊತ್ತಿಗೆ ಇದಿಷ್ಟೂ ಎಲ್ಲೋ ಒಂದು ಕಡೆ ಶಾಖವಾಗಿ ಹೋಗಿರಲೇಬೇಕು. ಅರ್ಧ ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು 7,800 ಜೌಲ್ ಆಯಿತು. ಸಾವಿರ ವಾಟ್‌ನ ಎಂಟು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಉರಿದ ಹಾಗೆ.

ಗುಂಡ್ಲುಪೇಟೆಯ ಸಮ ರಸ್ತೆಯಲ್ಲಿ ಮಾರುವವರು ಏನು ತೋರಿಸಿದರು ಗೊತ್ತಾ? 50 ಕಿಲೋಮೀಟರ್ ವೇಗದಲ್ಲಿ ಓಡಿಸಿ ಗಕ್ಕನೆ ನಿಲ್ಲಿಸಿದರು. "ನೋಡಿದ್ರಾ ಸಾರ್, ಬ್ರೇಕು ಹೇಗಿದೆ!" ಅಂದರು. ಚೆನ್ನಾಗಿಯೇ ನಿಂತಿತು, ಸುಳ್ಳೇನಲ್ಲ. ಆದರೆ ಅದೇ 1,200 ಕಿಲೋ ಗಾಡಿಯನ್ನು 50ರ ವೇಗದಿಂದ ನಿಲ್ಲಿಸಿದರೆ ಬ್ರೇಕಿಗೆ ಸಿಗುವುದು ಸುಮಾರು 1 ಲಕ್ಷ 16 ಸಾವಿರ ಜೌಲ್ ಮಾತ್ರ. ಭಾಗಿಸಿ ನೋಡಿ. ಕಲ್ಹಟ್ಟಿ ಇಳಿಯುವುದೆಂದರೆ ಆ ರೀತಿ ಗಕ್ಕನೆ ನಿಲ್ಲಿಸುವುದನ್ನು 120 ಸಲ, ಆರಲು ಬಿಡದೆ, ಮಾಡಿದಂತೆ. ಬಯಲಿನಲ್ಲಿ ಒಂದು ಸಲ ನಿಂತ ಬ್ರೇಕು ಘಾಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ಶಾಖವನ್ನೆಲ್ಲ ಬ್ರೇಕೊಂದೇ ಹೊರಬೇಕಾಗಿಲ್ಲ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಅದಕ್ಕೆ ಅಡ್ಡಿ ಮಾಡುತ್ತದೆ, ಗಾಡಿ ತಡೆಯುತ್ತದೆ. ನಮ್ಮ ಬೆಟ್ಟದ ಡ್ರೈವರುಗಳು "ಹತ್ತೋ ಗೇರಲ್ಲೇ ಇಳಿ" ಅನ್ನುವುದು ಇದಕ್ಕೇ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ಲಿನಲ್ಲಿ ಬಿಡುವವರೂ ಇದ್ದಾರೆ. ಇಂಧನವನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇಳಿಯುವಾಗ ಪೆಟ್ರೋಲ್ ತಾನಾಗಿ ನಿಂತುಬಿಡುತ್ತದೆ. ನ್ಯೂಟ್ರಲ್ಲಿನಲ್ಲಿ ಮಾತ್ರ ಎಂಜಿನ್ ಆರದಿರಲಿ ಅಂತ ಒಂದಿಷ್ಟು ಉರಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಬ್ರೇಕೂ ಹೋಯಿತು.

ಬ್ರೇಕ್ ಹೋಗುತ್ತದೆ ಅಂದರೆ ಏನಾಗುತ್ತದೆ? ಪೆಡಲ್ ತುಳಿದಾಗ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಪಾಸ್ಕಲ್‌ನ ನಿಯಮ. ದ್ರವವನ್ನು ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಕಾಲಿನ ಒತ್ತಡ ಹಾಗೆಯೇ ಚಕ್ರಕ್ಕೆ ಹೋಗುತ್ತದೆ. ಆದರೆ ಬ್ರೇಕ್ ಆಯಿಲ್ಲಿಗೆ ಒಂದು ಕೆಟ್ಟ ಚಾಳಿ, ಗಾಳಿಯ ತೇವವನ್ನು ಹೀರಿಕೊಳ್ಳುವುದು. ಡಾಟ್-3 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಅದೇ ಆಯಿಲ್ಲಿಗೆ ಇರುವ ಮಿತಿ 140 ಡಿಗ್ರಿ. ಘಾಟಿನ ಶಾಖಕ್ಕೆ ಅದು ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿ ದ್ರವದಂತಲ್ಲ, ಅದುಮಿದರೆ ಅದುಮಿಕೊಳ್ಳುತ್ತದೆ. ನೀವು ತುಳಿಯುತ್ತೀರಿ, ಗುಳ್ಳೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ಹೋಗುತ್ತಲೇ ಇರುತ್ತದೆ. ಆಮೇಲೆ ಆರಿದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಹತ್ತಿರ ತಂದು ತೋರಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ!

ಅದಕ್ಕೇ ನಾವು ಒಂದು ಷರತ್ತು ಹಾಕಿದೆವು. ಪೆಟ್ರೋಲ್ ನಮ್ಮದು, ಗೂಡಲೂರಿನ ಒಬ್ಬ ಹಳೇ ಮೆಕ್ಯಾನಿಕ್ ಓಡಿಸುತ್ತಾರೆ, ನಡುವಟ್ಟಂ ತನಕ ಹತ್ತಿ ಇಳಿದು ನೋಡುತ್ತೇವೆ. ಮಾರುವವರು ಒಪ್ಪಿ ತಮ್ಮ ತಮ್ಮನನ್ನು ಜೊತೆಗೆ ಕಳಿಸಿದರು. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂಡೀಪುರದ ರಸ್ತೆ ಮುಚ್ಚಿರುತ್ತದೆ, ಅಷ್ಟರೊಳಗೆ ಗಾಡಿ ವಾಪಸ್ ಬರಬೇಕು ಅಂದರು. ನ್ಯಾಯವೇ.

ಮೆಕ್ಯಾನಿಕ್ ಹೊರಡುವ ಮೊದಲು ಗಾಡಿ ನಿಲ್ಲಿಸಿಕೊಂಡೇ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ತುಳಿದು ಹಿಡಿದರು. ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ. ಇಳಿಯಲಿಲ್ಲ. ಹತ್ತುವಾಗಲೂ ತೊಂದರೆಯಿಲ್ಲ. ಇಳಿಯುವಾಗ ಅರ್ಧ ದಾರಿಗೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಅವರು ಗೇರಿನಲ್ಲೇ ನಿಧಾನ ಮಾಡಿ ಅಗಲದ ಜಾಗ ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಬೀಡಿ ಹಚ್ಚಿದರು. ಅರ್ಧ ಗಂಟೆ ಕೂತೆವು. ಮತ್ತೆ ತುಳಿದರೆ ಗಟ್ಟಿ. "ಆಯಿಲ್ ಯಾವ ಕಾಲದ್ದೋ" ಅಂದರು. ಇಂಥ ಪರೀಕ್ಷೆ ಮಾಡುವುದು ಅನುಭವ ಇದ್ದವರ ಕೆಲಸ. ಮನೆಯಲ್ಲಿ ಯಾರಾದರೂ "ನಾನೇ ಓಡಿಸಿ ನೋಡ್ತೀನಿ" ಅಂದರೆ ಬೇಡ ಅನ್ನಿ.

ಈ ಬ್ರೇಕಿನ ದೋಷಕ್ಕೆ ಹೆದರಿಯೇ ನಮ್ಮ ಅಂಗಡಿಯವರು ಬೇಡ ಅಂದುಬಿಡುತ್ತಾರೆ ಅಂತ ನಾನು ತಿಳಿದಿದ್ದೆ. ಮೆಕ್ಯಾನಿಕ್ ನಕ್ಕರು. ಹಳೇ ಆಯಿಲ್ ತೆಗೆದು ಹೊಸದು ತುಂಬುವುದು ನೂರರ ಲೆಕ್ಕದ ಕೆಲಸ, ಲೈನಿಂಗ್ ಬದಲಿಸಿದರೂ ಕೆಲವು ಸಾವಿರ. ಪ್ರಾಣಕ್ಕೆ ಎರವಾಗುವ ದೋಷ ಕಾಸಿಗೆ ಸಣ್ಣದು. ಅವರಿಗೆ ಚಿಂತೆ ಇದ್ದದ್ದು ಬೇರೆ. "ನಾವು ಹೋದಾಗ ಎಂಜಿನ್ ಬಿಸಿ ಇತ್ತು, ಗಮನಿಸಿದ್ರಾ?"

ನಾನು ಗಮನಿಸಿರಲಿಲ್ಲ.

ಹಳೆ ಗಾಡಿ ನೋಡಲು ಹೋದರೆ ಎಂಜಿನ್ ತಣ್ಣಗಿರಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗಲೇ ಎಂಜಿನ್ ತನ್ನ ಕಷ್ಟ ಹೇಳಿಕೊಳ್ಳುವುದು. ಮುಂದಿನ ಭಾನುವಾರ ಹೇಳದೆ ಕೇಳದೆ ಬೆಳಿಗ್ಗೆ ಏಳೂವರೆಗೇ ಹೋದೆವು. ಸೈಲೆನ್ಸರಿನ ಹಿಂದೆ ನಿಂತು ಹೊಗೆ ನೋಡಿದೆವು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಬಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ. ಬಿಳಿ ಬಂದರೆ ನೀರು. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಬೆಟ್ಟದಲ್ಲಿ ಇದು ಸ್ವಲ್ಪ ಮೋಸ ಮಾಡುತ್ತದೆ. ಊಟಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿ ಇರುವುದರ ಮುಕ್ಕಾಲು ಪಾಲಿಗಿಂತ ಚೂರು ಹೆಚ್ಚು, ಅಷ್ಟೆ. ಬಯಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಗಾಡಿ ಅಲ್ಲಿಗೆ ಬಂದರೆ ಆಮ್ಲಜನಕ ಸಾಲದೆ ಕಪ್ಪು ಹೊಗೆ ಬಿಡಬಹುದು, ಎಂಜಿನ್ ಚೆನ್ನಾಗಿದ್ದರೂ. ಚಳಿಯ ಬೆಳಿಗ್ಗೆ ಯಾವ ಗಾಡಿಯಾದರೂ ಬಿಳಿ ಆವಿ ಬಿಡುತ್ತದೆ, ನಾವು ಬಾಯಿಂದ ಬಿಡುವುದಿಲ್ಲವೆ ಹಾಗೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಮಾತ್ರ ಚಿಂತೆ.

ಈ ವ್ಯಾನಿನ ಬಿಳಿ ಹೊಗೆ ನಿಲ್ಲಲಿಲ್ಲ. ರೇಡಿಯೇಟರ್ ಮುಚ್ಚಳವನ್ನು ಸ್ಟಾರ್ಟ್ ಮಾಡುವ ಮೊದಲೇ, ತಣ್ಣಗಿರುವಾಗಲೇ ತೆಗೆದಿಟ್ಟಿದ್ದರು. ನೀವೂ ನೆನಪಿಡಿ, ಬಿಸಿ ರೇಡಿಯೇಟರಿನ ಮುಚ್ಚಳ ಎಂದೂ ತೆಗೆಯಬಾರದು. ಒಳಗೆ ಕುಕ್ಕರಿನ ಹಾಗೆ ಒತ್ತಡ ಇರುತ್ತದೆ, ತೆಗೆದ ಕ್ಷಣ ಕುದಿನೀರು ಮುಖಕ್ಕೆ ಎರಚುತ್ತದೆ. ನೀರಿನ ಮೇಲೆ ಎಣ್ಣೆಯ ಪಸೆ ತೇಲುತ್ತಿತ್ತು. ಎಂಜಿನ್ ಓಡುವಾಗ ಒಂದರ ಹಿಂದೊಂದು ಗುಳ್ಳೆ ಏಳುತ್ತಿತ್ತು. ಸಿಲಿಂಡರಿನಲ್ಲಿ ಉರಿದ ಅನಿಲ ನೀರಿಗೆ ಬರುತ್ತಿದೆ ಅಂದರೆ ನಡುವಿನ ಹೆಡ್ ಗ್ಯಾಸ್ಕೆಟ್ ಬಿಟ್ಟಿದೆ. ಬರೀ ಗ್ಯಾಸ್ಕೆಟ್ಟೋ, ಹೆಡ್ಡೇ ಶಾಖಕ್ಕೆ ಸೊಟ್ಟಗಾಗಿದೆಯೋ? ಬಿಚ್ಚುವ ತನಕ ದೇವರಿಗೇ ಗೊತ್ತು.

ಈಗ ನಿಜವಾದ ಪ್ರಶ್ನೆ ಬಂತು. ಮಾರುವವರು 15,000 ಇಳಿಸುತ್ತೇನೆ ಅಂದರು. ತಗೊಳ್ಳಬೇಕೋ ಬೇಡವೋ?

1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೆ ಕಾರುಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಅದಕ್ಕೂ ಮುಂಚೆ ಮೂರು ಪತ್ರಿಕೆಗಳು ಅದನ್ನು ಬೇಡ ಅಂದಿದ್ದವು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಸ್ಮಾರಕ ಬಹುಮಾನ ಬಂತು. ಅವರ ವಾದವನ್ನು ನಮ್ಮ ರೂಪಾಯಿಯಲ್ಲಿ ಹೇಳುತ್ತೇನೆ. ಹತ್ತು ಹಳೇ ವ್ಯಾನು ಮಾರಾಟಕ್ಕಿವೆ. ಐದು ಒಳ್ಳೆಯವು, 1,00,000 ಬೆಲೆ ಬಾಳುತ್ತವೆ. ಐದು ಕೆಟ್ಟವು, 40,000 ಬಾಳುತ್ತವೆ. ಯಾವುದು ಯಾವುದು ಅಂತ ಮಾಲೀಕರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಸರಾಸರಿ ಹಿಡಿದು 70,000 ಕೊಡುತ್ತೇವೆ ಅನ್ನುತ್ತಾರೆ. ಒಳ್ಳೆ ವ್ಯಾನಿನ ಮಾಲೀಕ ಆ ಬೆಲೆಗೆ ಕೊಡುತ್ತಾನೆಯೇ? ಮನೆಗೆ ಓಡಿಸಿಕೊಂಡು ಹೋಗುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟವು ಐದೇ. ಯಾರೂ ಮೋಸ ಮಾಡದೆಯೇ, ಬರೀ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಕಾರಣಕ್ಕೆ ಹೀಗಾಗುತ್ತದೆ. ನನಗೆ ಇದು ಬಹಳ ಸೊಗಸಾಗಿ ಕಾಣುತ್ತದೆ, ಸ್ವಲ್ಪ ಬೇಜಾರೂ ಆಗುತ್ತದೆ.

ಹಾಗಾದರೆ ತಿಳಿದುಕೊಳ್ಳುವುದಕ್ಕೇ ಒಂದು ಬೆಲೆ ಇದೆ. ಮೆಕ್ಯಾನಿಕ್ ಹೇಳಿದ ಪ್ರಕಾರ ಗ್ಯಾಸ್ಕೆಟ್ ಮಾತ್ರ ಆದರೆ 8,000 ಒಳಗೆ ಮುಗಿಯುತ್ತದೆ. ಹೆಡ್ಡೂ ಹೋಗಿದ್ದರೆ 30,000 ದಾಟಬಹುದು. ಎರಡಕ್ಕೂ ಸಮ ಸಮ ಸಾಧ್ಯತೆ ಅಂತ ಇಟ್ಟುಕೊಂಡರೆ ಸರಾಸರಿ 19,000. ಸಿಗುವ ರಿಯಾಯಿತಿ 15,000. ಸರಾಸರಿಯಲ್ಲೇ 4,000 ನಷ್ಟ. ಆದರೆ ಸರಾಸರಿ ಅನ್ನುವುದು ನೂರು ವ್ಯಾನು ಕೊಳ್ಳುವ ಕಂಪನಿಗೆ ಸರಿ. ಚೀಟಿ ಎತ್ತಿದ 90,000 ಬಿಟ್ಟು ಬೇರೆ ಕಾಸಿಲ್ಲದವರಿಗೆ 30,000 ಬಂದರೆ ಗಾಡಿ ಶೆಡ್ಡಿನಲ್ಲಿ, ಬಾಡಿಗೆ ಜೀಪು ಮತ್ತೆ ಬಾಗಿಲಲ್ಲಿ.

ಮೇಲೆ ಕಾಗದದ ಖರ್ಚು ಬೇರೆ. ಕರ್ನಾಟಕದ ಗಾಡಿಯನ್ನು ತಮಿಳುನಾಡಿಗೆ ತಂದರೆ ಅಲ್ಲಿಯ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಬೇಕು. ಇಲ್ಲಿಯ ನಂಬರ್ ಇಲ್ಲದಿದ್ದರೆ ಇನ್ನೊಂದು ತೊಡಕು. ಕಲ್ಹಟ್ಟಿಯಲ್ಲಿ 2018ರಲ್ಲಿ ಆದ ದೊಡ್ಡ ಅಪಘಾತದ ಮೇಲೆ ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಇಳಿಯದಂತೆ ತಡೆಯಲಾಯಿತು. ತರಕಾರಿ ಹೊತ್ತು ಗೂಡಲೂರು ಸುತ್ತಿ ಬರಬೇಕಾಗುತ್ತದೆ.

ಕೊನೆಗೆ ನಾವು ಒಂದು ಮಾತು ಇಟ್ಟೆವು. "ಬಿಚ್ಚುವ ಕೂಲಿ ನಾವು ಕೊಡ್ತೀವಿ. ಹೆಡ್ ಬಿಚ್ಚಿ ನೋಡಿ ಆಮೇಲೆ ಬೆಲೆ ಮಾತಾಡೋಣ." ಮಾರುವವರು ಒಪ್ಪಲಿಲ್ಲ. ಒಳಗೇನಿದೆ ಅಂತ ಗೊತ್ತಿದ್ದೇ ಒಪ್ಪಲಿಲ್ಲವೋ, ನೀವು ಬೇಡ ಅಂದು ಹೋದರೆ ಬಿಚ್ಚಿದ ಗಾಡಿ ಇಟ್ಟುಕೊಂಡು ನಾನೇನು ಮಾಡಲಿ ಅಂತ ಹೆದರಿದರೋ, ಹೇಳಲು ಬರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಯೋಚಿಸುತ್ತಿದ್ದೆ.

ಅಂಗಡಿಯವರು ಬೇಡ ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ. ಮೆಕ್ಯಾನಿಕ್ಕಿಗೆ ಎರಡು ದಿನಕ್ಕೆ 1,500 ಕೊಟ್ಟದ್ದು ದಂಡವಾಯಿತು ಅನ್ನಿಸಿರಬೇಕು. ತೆಪ್ಪಕಾಡಿನಲ್ಲಿ ಇಳಿದು ಟೀ ಕುಡಿಯುವಾಗ ಮಾತ್ರ ಕೇಳಿದರು: "ಮೇಷ್ಟ್ರೆ, ಮುಂದಿನ ತಿಂಗಳು ಊಟಿಯಲ್ಲೇ ಒಂದು ಗಾಡಿ ಬರ್ತದಂತೆ. ಇಲ್ಲಿದೇ ನಂಬರ್. ಬೆಳಿಗ್ಗೆ ಎಷ್ಟು ಗಂಟೆಗೆ ಹೋಗೋಣ?"