ಕತ್ತಲಾಗದ ಕಣಿವೆಯಲ್ಲಿ ಒಂಟಿ ನಡಿಗೆ

ಮಧ್ಯರಾತ್ರಿ ಹನ್ನೆರಡಕ್ಕೆ ಸೂರ್ಯ ಉತ್ತರ ದಿಕ್ಕಿನಲ್ಲಿರುತ್ತಾನೆ. ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟದ ಬೆಂಗಳೂರಿನಿಂದ ಹೋದವರಿಗೆ ಇದನ್ನು ನಂಬಲು ಕೊಂಚ ಹೊತ್ತು ಬೇಕು. ಸ್ವೀಡನ್ನಿನ ಅಬಿಸ್ಕೊ ಊರು ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಹಾಗೆಂದು ನೆತ್ತಿಗೂ ಬರುವುದಿಲ್ಲ. ಜೂನ್ 21ರ ನಡುಹಗಲಿನಲ್ಲೂ ಅವನ ಎತ್ತರ 45 ಡಿಗ್ರಿಯಷ್ಟೇ. ಅಲ್ಲಿಂದ ಪಶ್ಚಿಮಕ್ಕೆ ವಾಲಿ, ಉತ್ತರದಲ್ಲಿ ದಿಗಂತಕ್ಕೆ ಎರಡು ಡಿಗ್ರಿ ಸಮೀಪಕ್ಕೆ ಇಳಿದು, ಮತ್ತೆ ಪೂರ್ವಕ್ಕೆ ಏರತೊಡಗುತ್ತಾನೆ. ಬೆಟ್ಟಗಳು ಅಡ್ಡ ಬಂದಾಗ ಕಣಿವೆಗೆ ನೆರಳು ಬೀಳುತ್ತದೆ, ಕತ್ತಲು ಮಾತ್ರ ಬರುವುದಿಲ್ಲ.

ಕುಂಗ್ಸ್‌ಲೆಡೆನ್ ಎಂಬ ಚಾರಣದ ದಾರಿ ಶುರುವಾಗುವುದು ಇಲ್ಲಿಂದಲೇ. ದಕ್ಷಿಣದ ಹೆಮಾವನ್ ತಲುಪಲು ಸುಮಾರು 440 ಕಿ.ಮೀ. ಹೆಚ್ಚಿನವರು ನಡೆಯುವುದು ಅಬಿಸ್ಕೊದಿಂದ ನಿಕ್ಕಲುಒಕ್ತಾವರೆಗಿನ ನೂರೈದು ಕಿ.ಮೀ. ಮಾತ್ರ. ಅಬಿಸ್ಕೊದಲ್ಲಿ ರೈಲಿಳಿದರೆ ಹತ್ತಿರದಲ್ಲೇ ದಾರಿ. ಕಿರುನಾ ಗಣಿಯ ಕಬ್ಬಿಣದ ಅದಿರನ್ನು ನಾರ್ವೆಯ ನಾರ್ವಿಕ್ ಬಂದರಿಗೆ ಹೊರುವ ಉದ್ದನೆಯ ರೈಲುಗಳು ಓಡುವುದೂ ಇದೇ ಹಳಿಯ ಮೇಲೆ. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತದ್ದನ್ನು ಕಂಡ ನಮಗೆ ಆ ರೈಲುಗಳನ್ನು ಸುಮ್ಮನೆ ನೋಡಲಾಗುವುದಿಲ್ಲ. ಅಲ್ಲಿ ಗಣಿ ನಿಂತಿಲ್ಲ, ಗಣಿಗಾಗಿ ಊರೇ ಜರುಗುತ್ತಿದೆ. ಕಿರುನಾದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ ಐದು ಕಿ.ಮೀ. ಆಚೆ ಕೂರಿಸಿದರು.

ಪಶ್ಚಿಮ ಘಟ್ಟದಲ್ಲಿ ಚಾರಣಕ್ಕೆ ಹೊರಟವರಿಗೆ ಹಿರಿಯರು ಹೇಳುವ ಮೊದಲ ಮಾತು, ಕತ್ತಲಾಗುವ ಮುಂಚೆ ಇಳಿದುಬಿಡಿ ಎಂದು. ಕುಂಗ್ಸ್‌ಲೆಡೆನ್ ದಾರಿಯಲ್ಲಿ ಆ ಭಯವಿಲ್ಲ. ಒಬ್ಬರೇ ನಡೆಯುವವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಏನಿದೆ? ಆದರೆ ಸಂಜೆಯೇ ಬರದಿದ್ದರೆ, ‘ಇವತ್ತಿಗೆ ಸಾಕು’ ಎನ್ನುವವರೂ ಇರುವುದಿಲ್ಲ. ಬೆಳಕು ಕಣ್ಣಿಗೆ ಬೀಳುತ್ತಿರುವಷ್ಟು ಹೊತ್ತು ನಿದ್ದೆ ತರುವ ಮೆಲಟೋನಿನ್ ದೇಹದಲ್ಲಿ ಏರುವುದಿಲ್ಲ. ಕಾಲು ಸೋತಿರುತ್ತದೆ, ತಲೆ ಮಾತ್ರ ಇನ್ನೂ ಬೆಳಗ್ಗೆಯೇ ಎಂದು ತಿಳಿದಿರುತ್ತದೆ. ಇನ್ನೊಂದು ದಿಬ್ಬ, ಅದರಾಚೆಗೆ ಮತ್ತೊಂದು ಸರೋವರ ಎಂದು ನಡೆಯುತ್ತಲೇ ಹೋಗುತ್ತೇವೆ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಾಡುವ ಕಲ್ಲಿನ ಮೇಲೆ ಪಾದ ಉಳುಕಿದರೆ ಕೈ ಹಿಡಿಯಲು ಜೊತೆಗಾರನೂ ಇಲ್ಲ. ಹಾಗಾಗಿ ಗಡಿಯಾರ ನೋಡಿ ಉಣ್ಣಬೇಕು, ಗಡಿಯಾರ ನೋಡಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಬೇಕು. ರಾತ್ರಿಯನ್ನು ನಾವೇ ಮಾಡಿಕೊಳ್ಳಬೇಕು.

ಆ ರಾತ್ರಿಯನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು ಎನ್ನುವುದರಲ್ಲೇ ಈ ನಾಡಿನ ಸೊಗಸಿದೆ. ಮಧ್ಯಾಹ್ನ ಮಲಗಿ ರಾತ್ರಿ ನಡೆಯುವುದೇ ನನಗೆ ಹೆಚ್ಚು ಇಷ್ಟ. ಹಿಮ ಕರಗಿ ಹರಿಯುವ ಹೊಳೆಗಳು ಮಧ್ಯಾಹ್ನದ ಬಿಸಿಲಿಗೆ ತುಂಬಿ, ಸಂಜೆಗೆ ರಭಸವಾಗಿ, ಬೆಳಗಿನ ಜಾವಕ್ಕೆ ಇಳಿಯುತ್ತವೆ. ಸೇತುವೆ ಇಲ್ಲದ ಕಡೆ ದಾಟಲು ಅದೇ ಒಳ್ಳೆಯ ಹೊತ್ತು. ಮೇಲಿನ ಹಿಮದ ಹಾಸೂ ಆಗ ಗಟ್ಟಿ. ಮುಖ್ಯವಾಗಿ ತಂಪಿಗೆ ಸೊಳ್ಳೆ ಅಡಗುತ್ತದೆ. ಮಳೆಗಾಲದ ಮಲೆನಾಡಿಗೆ ಇಂಬಳ ಹೇಗೋ ಜುಲೈನ ಈ ಲ್ಯಾಪ್‌ಲ್ಯಾಂಡಿಗೆ ಸೊಳ್ಳೆ ಹಾಗೆ.

ಇದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರು ಈ ಬೆಟ್ಟಗಳಲ್ಲಿ ಹಿಮಸಾರಂಗ ಸಾಕುವ ಸಾಮಿ ಜನ. ಮೇ ತಿಂಗಳಲ್ಲಿ ಹುಟ್ಟಿದ ಮರಿಗಳ ಕಿವಿಗೆ ತಮ್ಮ ಮನೆತನದ ಗುರುತಿನ ಕಚ್ಚು ಹಾಕುವ ಕೆಲಸ ಬೇಸಿಗೆಯ ನಡುವೆ ಬರುತ್ತದೆ. ಹಗಲಿನ ಸೆಕೆಯಲ್ಲಿ ಮಂದೆಯನ್ನು ಓಡಾಡಿಸಿದರೆ ಪ್ರಾಣಿಗಳು ಬಳಲುತ್ತವೆಂದು ಈ ಕೆಲಸವನ್ನು ಸಾಮಾನ್ಯವಾಗಿ ತಂಪಾದ ರಾತ್ರಿಯಲ್ಲೇ ಮಾಡುತ್ತಾರೆ. ದಾರಿಯಲ್ಲಿ ಮಂದೆ ಎದುರಾದರೆ ಚಾರಣಿಗ ಅಲುಗಾಡದೆ ಕೂತುಬಿಡಬೇಕು. ಬೆದರಿದ ಮಂದೆಯನ್ನು ಮತ್ತೆ ಕೂಡಿಸಲು ಅವರಿಗೆ ದಿನಗಟ್ಟಲೆ ದುಡಿಮೆ.

ಈ ದಾರಿಯ ಅತಿ ಎತ್ತರದ ಜಾಗ ತ್ಯಕ್ತ್ಯಾ ಕಣಿವೆಬಾಗಿಲು, 1,150 ಮೀಟರ್. ನಮ್ಮ ಕುದುರೆಮುಖದ ಮುಂದೆ ಇದೇನು ಎತ್ತರ ಎನಿಸಬಹುದು. ಆದರೆ ಇಲ್ಲಿ ಮರಗಳು ಎಷ್ಟೋ ಕೆಳಗೇ ನಿಂತಿವೆ, ಉಳಿದದ್ದು ಕಲ್ಲು ಮತ್ತು ಹಿಮ. ಕಡೆಯ ಏರಿನಲ್ಲಿ ದಾರಿ ಎನ್ನುವಂಥದ್ದು ಕಾಣುವುದಿಲ್ಲ. ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ಒಂದಾದಮೇಲೊಂದು ಹುಡುಕಿಕೊಂಡು ಹೋಗಬೇಕು. ಕಂಬದ ತುದಿಯಲ್ಲಿ ಅಡ್ಡ ಹೊಡೆದ ಕೆಂಪು ಪಟ್ಟಿಗಳನ್ನು ನಂಬಬಾರದು. ಅವು ಚಳಿಗಾಲದ ಸ್ಕೀ ದಾರಿಯವು, ಬೇಸಿಗೆಯಲ್ಲಿ ನೇರ ಜೌಗಿಗೋ ನೀರಿಗೋ ಕರೆದೊಯ್ಯುತ್ತವೆ. ರಾತ್ರಿ ಒಂದರ ಓರೆ ಬೆಳಕಿನಲ್ಲಿ ಮುಷ್ಟಿಗಾತ್ರದ ಕಲ್ಲಿಗೂ ಮಾರುದ್ದದ ನೆರಳು. ಹೆಜ್ಜೆ ಇಡುವ ಜಾಗದ ಒಂದೊಂದು ಉಬ್ಬುತಗ್ಗೂ ಎದ್ದು ಕಾಣುತ್ತದೆ. ಮೇಲೇರಿ ದಕ್ಷಿಣಕ್ಕೆ ತಿರುಗಿದರೆ ಹಿಮನದಿ ಕೊರೆದ ಅಗಲವಾದ ಕಣಿವೆ, ಅದರ ನಡುವೆ ಕವಲೊಡೆದು ಹರಿಯುವ ಹೊಳೆ.

ಒಂಟಿ ನಡಿಗೆ ಎನ್ನುತ್ತೇವೆ. ಆದರೆ ಜೌಗಿನ ಮೇಲೆ ಹಲಗೆ ಹಾಸಿದವರು, ಕಲ್ಲಿಗೆ ಬಣ್ಣ ಬಳಿದವರು ನಮಗಿಂತ ಮುಂಚೆ ಬಂದುಹೋಗಿದ್ದಾರೆ. 1885ರಲ್ಲಿ ಹುಟ್ಟಿದ ಸ್ವೀಡನ್ನಿನ ಪ್ರವಾಸಿ ಸಂಘದ ತಂಗುಮನೆಗಳು ಹತ್ತಿಪ್ಪತ್ತು ಕಿ.ಮೀ.ಗೊಂದರಂತೆ ಸಿಗುತ್ತವೆ. ವಿದ್ಯುತ್ ಇಲ್ಲ. ಹೊಳೆಯಿಂದ ನೀರು ತರುವುದು, ಸೌದೆ ಸೀಳುವುದು ತಂಗಿದವರದೇ ಕೆಲಸ. ಹೊರಡುವ ಮುನ್ನ ಮುಂದೆ ಬರುವವರಿಗೆಂದು ಸೌದೆ ಕೂಡಿಟ್ಟು ಹೋಗಬೇಕು. ಅತಿಥಿ ಪುಸ್ತಕದಲ್ಲಿ ಹೆಸರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೊರಟದ್ದು ಬರೆಯಲೇಬೇಕು. ತಪ್ಪಿಸಿಕೊಂಡವರನ್ನು ಹುಡುಕುವವರಿಗೆ ಆ ಒಂದು ಸಾಲೇ ಆಧಾರ.

ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಷೋಲ್ಡ್ ಈ ಬೆಟ್ಟಗಳನ್ನು ತುಂಬ ಹಚ್ಚಿಕೊಂಡಿದ್ದರು. 1961ರ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಟವಾದ ಟಿಪ್ಪಣಿ ಪುಸ್ತಕದ ಸಾಲುಗಳನ್ನು ದಾರಿಬದಿಯ ಬಂಡೆಗಳಲ್ಲಿ ಕೆತ್ತಿದ್ದಾರೆ.

ದಾರಿಯ ಕಡೆಯಲ್ಲಿ ಕೆಬ್ನೆಕೈಸೆ ಪರ್ವತ ಸಿಗುತ್ತದೆ. ಅದರ ದಕ್ಷಿಣ ಶಿಖರದ ತುದಿ ಹಿಮನದಿಯದು. ಹಿಂದೆ ಅದೇ ದೇಶದ ಅತಿ ಎತ್ತರದ ಜಾಗವಾಗಿತ್ತು. ಹಿಮ ಕರಗುತ್ತ ಬಂದು, ಬರಿ ಬಂಡೆಯ ಉತ್ತರ ಶಿಖರಕ್ಕಿಂತ ಅದು ತಗ್ಗಾಯಿತೆಂದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ಅಳೆದು ಹೇಳಿದರು. ಸುಮಾರು 2,097 ಮೀಟರಿನ ಉತ್ತರ ಶಿಖರಕ್ಕೆ ಹೋಗಬೇಕಾದರೆ ಚೂಪಾದ ಹಿಮದ ಏಣು ದಾಟಬೇಕು. ಹಗ್ಗ, ಸಲಕರಣೆ, ಅನುಭವ ಇಲ್ಲದೆ ಒಬ್ಬರೇ ಹೋಗುವ ಜಾಗವಲ್ಲ. ದಕ್ಷಿಣದ ತುದಿಯವರೆಗೆ ಹೋಗಿ ಬರುವುದೇ ಇಡೀ ದಿನದ ಕೆಲಸ.

ಯಾವಾಗ ಹೋಗಬೇಕೆಂದು ಕೇಳುವವರಿಗೆ ಹೆಚ್ಚಿನವರು ಆಗಸ್ಟ್ ಕೊನೆ ಎನ್ನುತ್ತಾರೆ. ಸೊಳ್ಳೆ ಕಡಿಮೆ, ಹೊಳೆಗಳು ಶಾಂತ, ಎಲೆಗಳಿಗೆ ಬಣ್ಣ. ಮಾತು ಸರಿ, ಆದರೆ ಆಗ ರಾತ್ರಿ ಮರಳಿ ಬಂದಿರುತ್ತದೆ. ನಾನಂತೂ ಜುಲೈ ಮೊದಲ ವಾರ ಎನ್ನುತ್ತೇನೆ. ತ್ಯಕ್ತ್ಯಾದಲ್ಲಿ ಆಗಲೂ ಹಿಮ ಇರಬಹುದು, ಕೋಲು ಬೇಕು, ತಲೆಗೆ ಸೊಳ್ಳೆಪರದೆ ಬೇಕು. ಟಾರ್ಚ್ ಬೇಡ.